ಉಳಿದುಹೋದ ಒಂದು ಸ್ಕ್ರೂ

ಕಳೆದ ವಾರ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈ ಮೇಲೆ ಒಂದು ಸ್ಕ್ರೂ ಇಟ್ಟರು. ಸಣ್ಣದು. ತಲೆಗೆ ಸ್ವಲ್ಪ ತುಕ್ಕು ಹಿಡಿದಿತ್ತು.

"ಇದು ನಿಮ್ಮದೈತ್ರಿ ಅಕ್ಕಾರ. ನೋಡಿ ತಗೋರಿ. ನನ್ನ ಮಗಳು ಕಳ್ಳಿ ಅಲ್ಲ."

ಯಾವ ಕಳ್ಳತನ?

ಮೊದಲಿನಿಂದ ಹೇಳುತ್ತೇನೆ. ಒಂಬತ್ತನೇ ಕ್ಲಾಸು ಮುಗಿಸಿದ ಮಕ್ಕಳಿಗೆ ಇಂಜಿನಿಯರಿಂಗ್ ಅಂದರೆ ಏನೆಂದು ತೋರಿಸಲು ಯಲಬುರ್ಗಾದ ಶಾಲೆಯೊಂದರಲ್ಲಿ ಹತ್ತು ದಿನದ ಬೇಸಿಗೆ ಕೋರ್ಸ್ ಇಟ್ಟುಕೊಂಡಿದ್ದೇವೆ. ಕೊಪ್ಪಳದಿಂದ ದಿನಾ ಬೆಳಿಗ್ಗೆ ನಾನು ಮತ್ತು ನಮ್ಮ ಕಾಲೇಜಿನ ಲ್ಯಾಬ್ ಸಹಾಯಕ ಬಸಣ್ಣ ಬಸ್ಸಿನಲ್ಲಿ ಹೋಗುತ್ತೇವೆ. ಸ್ಲೈಡು, ವಿಡಿಯೋ ಏನೂ ಇಲ್ಲ. (ಕರೆಂಟು ಇರುವುದೂ ಅಷ್ಟಕ್ಕಷ್ಟೇ.) ಗಂಗಾವತಿಯ ಗುಜರಿ ಅಂಗಡಿಯಿಂದ ತಂದ ಕೆಟ್ಟ ಟೇಬಲ್ ಫ್ಯಾನು, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಮಾತ್ರ. ಬಿಚ್ಚಿ, ನೋಡಿ, ಮತ್ತೆ ಜೋಡಿಸಿ. ಇದೇ ಪಾಠ.

ಮೊದಲ ದಿನ ಎಲ್ಲವನ್ನೂ ಬೆಂಚಿನ ಮೇಲೆ ಹರವಿ, "ಬಿಚ್ಚಿ" ಅಂದೆ.

ಒಬ್ಬರೂ ಕೈ ಹಚ್ಚಲಿಲ್ಲ.

"ಕೆಟ್ರ ಏನ್ರಿ ಮೇಡಂ?" ಹಿಂದಿನಿಂದ ಒಬ್ಬ ಕೇಳಿದ.

"ಲೇ ತಮ್ಮಾ, ಅದು ಕೆಟ್ಟದ್ದಕ್ಕ ಗುಜರಿಗೆ ಬಂದೈತಿ" ಅಂದ ಬಸಣ್ಣ.

"ಇನ್ನೂ ಕೆಟ್ರ?"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆ ಪ್ರಶ್ನೆ ನನಗೆ ಹಳೆಯ ಪರಿಚಯ.

ತಾವರಗೇರಾ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಒಂದು ರೇಡಿಯೊ ಇತ್ತು. ಅದಕ್ಕೆ ಅವ್ವ ಕೈಯಾರೆ ಹೊಲಿದ ಅಂಗಿ. ಅದರ ಕಿವಿ ತಿರುಗಿಸುವ ಹಕ್ಕು ಅಪ್ಪನಿಗೆ ಮಾತ್ರ. 'ಮುಟ್ಟಬ್ಯಾಡ, ಕೆಡತೈತಿ' ಅನ್ನುವುದನ್ನು ಕೇಳುತ್ತಲೇ ನಾನು ಬೆಳೆದೆ. ಅಪ್ಪನ ತಪ್ಪು ಎನ್ನಲಾರೆ. ಅದು ಕೆಟ್ಟರೆ ಇನ್ನೊಂದು ಬರುತ್ತಿರಲಿಲ್ಲ. ಆದರೆ ಹಾಗೆ ಬೆಳೆದ ಹುಡುಗಿ ಇಂಜಿನಿಯರಿಂಗ್ ಲ್ಯಾಬಿಗೆ ಹೋದರೆ ಏನಾಗುತ್ತದೆ? ಉಳಿದವರು ಮುಂದೆ ನುಗ್ಗಿ ಸ್ಪ್ಯಾನರ್ ಹಿಡಿಯುತ್ತಿದ್ದರು. ನಾನು ಹಿಂದೆ ನಿಂತು ರೀಡಿಂಗ್ ಬರೆದುಕೊಳ್ಳುತ್ತಿದ್ದೆ. ನನ್ನ ಅಕ್ಷರ ದುಂಡಗಿತ್ತು ನೋಡಿ! ನಾಲ್ಕು ವರ್ಷ ಬರೆದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ದೇವರ ಫೋಟೋದ ಪಕ್ಕದಲ್ಲಿ ಅದು ತೂಗುತ್ತಿದೆ. ಹೆಮ್ಮೆಯಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ಮೋಟಾರನ್ನು ನಾನು ಬಿಚ್ಚಿದ್ದು ಕೆಲಸಕ್ಕೆ ಸೇರಿದ ಮೇಲೆ. ಅದೂ ಬಾಗಿಲು ಹಾಕಿಕೊಂಡು.

ಕೋರ್ಸಿನ ಆ ಮೊದಲ ದಿನ ಕೊನೆಗೂ ಎದ್ದವಳು ರೇಣುಕಾ. ಯಲಬುರ್ಗಾದಿಂದ ಆಚೆ, ಬಸ್ಸು ವಾಪಸ್ ತಿರುಗುವ ಕೊನೆಯ ಊರಿನವಳು. ಸ್ಕ್ರೂಡ್ರೈವರನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಟೇಬಲ್ ಫ್ಯಾನಿಗೆ ಕೈ ಹಚ್ಚಿದಳು.

ಬಿಚ್ಚಿದ ಒಂದೊಂದನ್ನೂ ಪೇಪರಿನ ಮೇಲೆ ಸಾಲಾಗಿ ಇಟ್ಟಳು. ಗ್ರೀಸು ಒಣಗಿ ಕಲ್ಲಾಗಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದಳು. ಮತ್ತೆ ಜೋಡಿಸಿದಳು. ಬಸಣ್ಣ ಪ್ಲಗ್ ಹಾಕಿದ. ಫ್ಯಾನು ತಿರುಗಿತು! ಇಡೀ ಕೋಣೆ ಚಪ್ಪಾಳೆ ಹೊಡೆಯಿತು. ರೇಣುಕಾ ಮಾತ್ರ ಮುಷ್ಟಿ ಬಿಗಿಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆ ಅಂದುಕೊಂಡೆ.

ಮರುದಿನ ಅವಳು ಬರಲಿಲ್ಲ.

"ಹೆಣ್ಣುಡುಗಿ ಅಲ್ರಿ ಮೇಡಂ. ಮನ್ಯಾಗ ಬ್ಯಾಡಂದಿರ್ತಾರ" ಅಂದ ಬಸಣ್ಣ.

ಹೌದು ಅಂದೆ. ಯೋಚನೆಯನ್ನೂ ಮಾಡದೆ ಅಂದೆ. ಅಷ್ಟೇ ಅಲ್ಲ, ವಾಪಸ್ ಬರುವ ಬಸ್ಸಿನಲ್ಲಿ ಈ ವಾರದ ಅಂಕಣವನ್ನು ಮನಸ್ಸಿನಲ್ಲೇ ಬರೆದುಬಿಟ್ಟೆ. ಹೆಣ್ಣುಮಕ್ಕಳ ಕೈ ಕಟ್ಟಿಹಾಕುವ ತಂದೆತಾಯಿಗಳ ಬಗ್ಗೆ. ಖಾರವಾಗಿಯೇ ಇತ್ತು. ನೀವು ಇವತ್ತು ಅದನ್ನು ಓದಬೇಕಿತ್ತು.

ಓದುತ್ತಿಲ್ಲ, ಯಾಕೆಂದರೆ ಮೂರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರೇಣುಕಾಳ ತಾಯಿ ಹನುಮವ್ವ ಬಂದರು. ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಮಗಳು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಒಳಗೆ ಬರಲು ಒಲ್ಲೆ ಅಂದಳಂತೆ.

ಸ್ಕ್ರೂ ನನ್ನ ಕೈಗಿಟ್ಟು ಹನುಮವ್ವ ಕೇಳಿದರು: "ಫ್ಯಾನು ಕೆಟ್ಟೈತೇನ್ರಿ?"

"ಇಲ್ಲವ್ವ, ಛಲೋ ತಿರುಗ್ತೈತಿ."

"ಮತ್ತ ನನ್ನ ಮಗಳನ್ನ ಯಾಕ ಬರಬ್ಯಾಡ ಅಂದ್ರಿ?"

ನಾನಾ? ನಾನು ಯಾವಾಗ ಅಂದೆ?

ಅಂದಿದ್ದೆ. ಮೊದಲ ದಿನ, ಮಕ್ಕಳು ಬೆಂಚಿಗೆ ಬರುವ ಮೊದಲೇ ಬೋರ್ಡಿನ ಮೇಲೆ ಬರೆದಿದ್ದೆ: 'ಒಂದು ಸ್ಕ್ರೂ ಹೆಚ್ಚುಕಡಿಮೆಯಾದರೂ ನಾಳೆಯಿಂದ ಬರಬೇಡಿ.' ನಾನು ಓದುವಾಗ ವರ್ಕ್‌ಶಾಪಿನ ಸರ್ ನಮಗೆ ಹೇಳುತ್ತಿದ್ದ ಮಾತು ಅದು. ಆ ಮಾತಿಗೂ ಹೆದರಿಯೇ ನಾನು ನಾಲ್ಕು ವರ್ಷ ಲ್ಯಾಬಿನಲ್ಲಿ ಎಲ್ಲರ ಹಿಂದೆ ನಿಂತಿದ್ದು. ಅದನ್ನೇ ಶಿಸ್ತು ಅಂತ ನಂಬಿ, ದುಂಡಗಿನ ಅಕ್ಷರದಲ್ಲಿ ಈ ಮಕ್ಕಳಿಗೆ ಬರೆದುಕೊಟ್ಟಿದ್ದೆ. ಫ್ಯಾನು ಜೋಡಿಸಿದ ಮೇಲೆ ರೇಣುಕಾಳ ಕೈಯಲ್ಲಿ ಒಂದು ಸ್ಕ್ರೂ ಉಳಿದಿತ್ತು. ಹೇಳಿದರೆ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ಕಳ್ಳತನ. ಆ ಚಪ್ಪಾಳೆಯ ನಡುವೆ ಹುಡುಗಿ ಏನು ಮಾಡಬೇಕಿತ್ತು? ಮುಷ್ಟಿಯಲ್ಲಿ ಮುಚ್ಚಿಕೊಂಡು ಮನೆಗೆ ಹೋದಳು. ಆಗಿನಿಂದ ಸರಿಯಾಗಿ ಊಟ ಮಾಡಿರಲಿಲ್ಲವಂತೆ.

ಗೇಟಿನ ತನಕ ನಾನೇ ಹೋದೆ. "ತಪ್ಪು ನಂದವ್ವ, ಒಳಗ ಬಾ" ಅಂದೆ. ಅವಳು ನನ್ನ ಮುಖ ನೋಡಲಿಲ್ಲ. ತಾಯಿಯ ಮುಖ ನೋಡಿದಳು.

"ಅಕ್ಕಾರ ಕರ್ಯಾಕತ್ತಾರ. ನಡಿ" ಅಂದರು ಹನುಮವ್ವ.

ಅದೇ ಫ್ಯಾನನ್ನು ಮತ್ತೆ ಬೆಂಚಿನ ಮೇಲಿಟ್ಟೆ. ರೇಣುಕಾ ಮತ್ತೆ ಬಿಚ್ಚಿದಳು. ಹನುಮವ್ವ ಪಕ್ಕದಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಸ್ಕ್ರೂವಿನ ಜಾಗ ಸಿಕ್ಕಿತು. ಫ್ಯಾನಿನ ತಲೆಯನ್ನು ಆ ಕಡೆ ಈ ಕಡೆ ಹೊರಳಿಸುವ ಒಂದು ಕಡ್ಡಿ ಇರುತ್ತದೆ, ಅದರ ಕೆಳಗೆ. ಮೊದಲ ದಿನ ಫ್ಯಾನು ತಿರುಗಿತ್ತು ನಿಜ, ತಲೆ ಹೊರಳಿರಲಿಲ್ಲ. ಚಪ್ಪಾಳೆ ಹೊಡೆದ ನಮಗ್ಯಾರಿಗೂ ಅದು ಕಂಡಿರಲಿಲ್ಲ. (ಇಬ್ಬರು ತಾಂತ್ರಿಕ ಪರಿಣತರು ಎದುರಿಗೇ ನಿಂತಿದ್ದೆವು!)

ಬಸಣ್ಣ ಪ್ಲಗ್ ಹಾಕಿದ. ಫ್ಯಾನು ನಿಧಾನಕ್ಕೆ ತಲೆ ಹೊರಳಿಸಿತು. ಗಾಳಿ ರೇಣುಕಾಳಿಗೆ ಬಂತು, ನನಗೆ ಬಂತು, ಕೊನೆಗೆ ಹನುಮವ್ವನಿಗೂ ಬಂತು. ಅವರು ಸೆರಗು ಹಿಡಿದುಕೊಂಡು ಫ್ಯಾನನ್ನೇ ನೋಡುತ್ತಿದ್ದರು.

ನಾನು ಬೋರ್ಡಿನ ಮೇಲಿನ ಸಾಲು ಒರೆಸಿದೆ. ಅದರ ಜಾಗದಲ್ಲಿ ಏನು ಬರೆಯಬೇಕೋ ಹೊಳೆಯಲಿಲ್ಲ.

ಹೊರಡುವಾಗ ಹನುಮವ್ವ ಬಾಗಿಲಲ್ಲಿ ಮಗಳ ಕಡೆ ತಿರುಗಿ ನಿಂತರು. "ನಮ್ಮ ಮನ್ಯಾಗಿನ ಫ್ಯಾನೂ ಕಟಕಟ ಅಂತೈತಿ. ಸಂಜಿಗೆ ಬಂದು ಬಿಚ್ಚಿ ನೋಡು."

ರೇಣುಕಾ ಬೆಚ್ಚಿದಳು. "ಎವ್ವಾ, ಕೆಟ್ರ?"

ಹನುಮವ್ವನಿಗೂ ಅದು ಸುಲಭದ ಮಾತಾಗಿರಲಿಲ್ಲ. ಮನೆಯಲ್ಲಿರುವುದು ಒಂದೇ ಫ್ಯಾನು, ಮೇಲಾಗಿ ಯಲಬುರ್ಗಾದ ಬೇಸಿಗೆ.

"ಕೆಟ್ರ ಕೆಡವಲ್ದ್ಯಾಕ. ನೀ ಬಿಚ್ಚು."

ಹೀಗಂದು ಬಸ್ಸಿಗೆ ಓಡಿದರು.

ಆ ಮಾತನ್ನೇ, 'ಕೆಟ್ಟರೆ ಕೆಡಲಿ, ನೀನು ಬಿಚ್ಚು' ಅಂತ, ಬೋರ್ಡಿನ ಮೇಲೆ ಬರೆದೆ. ಇನ್ನೂ ಅಲ್ಲೇ ಇದೆ. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ನನಗೆ ಅದನ್ನು ಯಾರೂ ಹೇಳಿರಲಿಲ್ಲ. ನಿಮ್ಮ ಮಗಳಿಗೆ ನೀವು ಹೇಳಿದ್ದೀರಾ?