ಏಳುಮಲೈ ಅಣ್ಣನ ವಾರ್ಡು

ಚಿನ್ನದ ಗಣಿಯ ಸೈರನ್ ಕೂಗಿದರೆ ಬೆಳಗು, ಮತ್ತೆ ಕೂಗಿದರೆ ಮಧ್ಯಾಹ್ನ ಅನ್ನುವ ಕಾಲ ಅದು. ಅಪ್ಪ ಕಾಮಸಮುದ್ರದ ಕಡೆಯಿಂದ ಬಂದು ಗಣಿಗೆ ಸೇರಿದ್ದರು. ಉರಿಗಾಂನಲ್ಲಿ ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಾವಿದ್ದೆವು. ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು, ನಮ್ಮಲ್ಲಿ ಕನ್ನಡ. ಬೀದಿಯಲ್ಲಿ ಆಡುವಾಗ ಮೂರೂ.

ನನಗೆ ಒಂಬತ್ತು ವರ್ಷ. ಬೇಸಿಗೆ ರಜೆ. ಅಮ್ಮ ನೀರು ಹಿಡಿಯಲು ಹೋಗಿದ್ದಾಗ ಮುದ್ದೆ ಪಾತ್ರೆ ಇಳಿಸಲು ಹೋದೆ. ಕುದಿಯುತ್ತಿದ್ದ ರಾಗಿಹಿಟ್ಟು ಬಲಗೈ ಮೇಲೆ ಬಿತ್ತು. ಬಿಸಿ ಹಿಟ್ಟು ನೀರಿನ ಹಾಗೆ ಜಾರುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಅಪ್ಪ ನನ್ನನ್ನು ಎತ್ತಿಕೊಂಡು ಗಣಿ ಆಸ್ಪತ್ರೆಗೆ ಓಡಿದರು.

ಮಾರನೆಯ ದಿನ ಬೆಳಿಗ್ಗೆ ಗಾಯ ಕಟ್ಟಲು ಬಂದವರು ಬಿಳಿ ಪ್ಯಾಂಟು, ಬಿಳಿ ಶರ್ಟಿನ ಉದ್ದನೆಯ ಮನುಷ್ಯ. ಹೆಸರು ಏಳುಮಲೈ. ವಾರ್ಡಿನಲ್ಲಿ ನನ್ನ ಜೊತೆಗೆ ಉಳಿದಿದ್ದ ನಮ್ಮಜ್ಜಿ ಮಂಚಕ್ಕೆ ಅಡ್ಡ ನಿಂತರು.

"ಎಂಗಸ್ರು ಯಾರೂ ಇಲ್ವೇನಪ್ಪಾ? ನರ್ಸಮ್ಮನ್ನ ಕರಿ."

"ನಾನೇ ನರ್ಸ್ ಅಜ್ಜಿ. ಓದಿ ಪಾಸ್ ಮಾಡಿ ಬಂದಿರೋದು."

"ಗಂಡಸ್ರು ಮಾಡೋ ಕೆಲ್ಸವಾ ಇದು?"

ಅವರು ನಕ್ಕು ಟ್ರೇ ಕೆಳಗಿಟ್ಟರು. "ಕೈ ತೋರ್ಸು ಪಾಪಾ."

ಆ ಟ್ರೇಯ ಸ್ಪಿರಿಟ್ ವಾಸನೆಗೇ ನನಗೆ ಅಳು ಬರುತ್ತಿತ್ತು. ಅಂಟಿದ ಬಟ್ಟೆಯನ್ನು ಅವರು ಎಳೆಯುತ್ತಿರಲಿಲ್ಲ. ಹನಿಹನಿಯಾಗಿ ನೀರು ಬಿಟ್ಟು, ಅದು ತಾನಾಗಿ ಬಿಡುವವರೆಗೆ ಕಾಯುತ್ತಿದ್ದರು. ಒಂದಕ್ಕೊಂದು ಕೂಡಿಕೊಳ್ಳದ ಹಾಗೆ ಬೆರಳು ಬೆರಳಿಗೂ ಬೇರೆ ಬೇರೆ ಪಟ್ಟಿ ಸುತ್ತುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅಜ್ಜಿ ಅವರಿಗೆ ಮನೆಯಿಂದ ಬಂದ ಹುರುಳಿಕಾಳಿನ ಹುಳಿಯಲ್ಲಿ ಪಾಲು ಎತ್ತಿಡತೊಡಗಿದ್ದರು.

ಗಾಯ ಒಣಗುತ್ತಾ ಬಂತು. ಬೆರಳು ಮಾತ್ರ ಮಡಚುತ್ತಿರಲಿಲ್ಲ. ಈಗಲೇ ಆಡಿಸದಿದ್ದರೆ ಕೈ ಹೀಗೇ ಉಳಿಯುತ್ತದೆ, ಪೆನ್ಸಿಲ್ ಕೂಡ ಹಿಡಿಯಲಾಗದು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು. ಆದರೂ ಯಾರಾದರೂ ಕೈ ಮುಟ್ಟಿದರೆ ಚೀರುತ್ತಿದ್ದೆ. ಆಗ ಏಳುಮಲೈ ಅಣ್ಣ ಐದು ಗಜ್ಜುಗದ ಕಾಯಿ ತಂದು ನೆಲದ ಮೇಲೆ ಚೆಲ್ಲಿ, ಚಕ್ಕಳಮಕ್ಕಳ ಹಾಕಿ ಕೂತರು. ಒಂದನ್ನು ಮೇಲೆ ಹಾರಿಸಿ, ಅದು ಬೀಳುವುದರೊಳಗೆ ಉಳಿದ ನಾಲ್ಕನ್ನೂ ಬಾಚಿಕೊಂಡರು. ನಮ್ಮ ಬೀದಿಯ ಯಾವ ಹುಡುಗಿಗೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ನಿಮಗ್ಯಾರು ಕಲಿಸಿದ್ದು?" ಅಂದೆ.

"ನಾಲ್ಕು ಜನ ಅಕ್ಕಂದಿರು ನನಗೆ. ಬಾ, ನನ್ನ ಸೋಲ್ಸು ನೋಡಣ."

ದಿನಾ ಕೆಲಸ ಮುಗಿಸಿ ಅರ್ಧ ಗಂಟೆ ಆಡುತ್ತಿದ್ದರು. ನಾನು ಸೋಲುತ್ತಿದ್ದೆ, ನೋವಿಗೆ ಅಳುತ್ತಿದ್ದೆ, ಮತ್ತೆ ಆಡುತ್ತಿದ್ದೆ.

ಒಂದು ಮಧ್ಯಾಹ್ನ ನಾನೂ ಅಜ್ಜಿಯೂ ವಾರ್ಡಿನ ಬಾಗಿಲ ಬಳಿ ಕೂತಿದ್ದೆವು. ಹಿರಿಯರೊಬ್ಬರು, ಅವರ ಹೆಂಡತಿ, ಬಾಳೆಹಣ್ಣಿನ ಚೀಲ ಹಿಡಿದು ಏಳುಮಲೈಯನ್ನು ಕೇಳಿಕೊಂಡು ಬಂದರು. ಅಣ್ಣ ಅವರ ಮಗಳಿಗೆ ನೋಡಿದ ಗಂಡು, ಕೆಲಸ ಮಾಡುವ ಜಾಗ ನೋಡಿ ಹೋಗೋಣ ಎಂದು ಬಂದಿದ್ದರಂತೆ. ಅಣ್ಣ ಆಗ ಸೊಂಟ ಮುರಿದು ಮಲಗಿದ್ದ ಗಣಿಯ ಮುದುಕರೊಬ್ಬರ ಮಲ ತೆಗೆದು, ಮೈ ಒರೆಸುತ್ತಿದ್ದರು. ಬಂದವರು ಬಾಗಿಲಲ್ಲೇ ನಿಂತರು. ಅಣ್ಣ ನೋಡಿದರು. ಮುದುಕರಿಗೆ ಪಂಚೆ ಸರಿಪಡಿಸಿ, ಹೊದಿಸಿ, ಆಮೇಲೆ ಸೋಪು ಹಾಕಿ ಕೈ ತೊಳೆದು ಬಂದರು. ಕಾಫಿ ತರಿಸಿದರು. ಆ ಇಬ್ಬರೂ ಲೋಟ ಮುಟ್ಟಲಿಲ್ಲ. ಬಾಳೆಹಣ್ಣಿನ ಚೀಲವನ್ನು ಹಾಗೇ ಹಿಡಿದುಕೊಂಡು ವಾಪಸ್ ಹೋದರು.

ಸಂಜೆ ಆಟಕ್ಕೆ ಕೂತಾಗ ಕೇಳಿದೆ. "ಅಣ್ಣಾ, ಅವರು ಯಾಕೆ ಕಾಫಿ ಕುಡೀಲಿಲ್ಲ?"

"ನನ್ನ ಕೈ ನೋಡಿ ಬೇಡಾಂತ ಅನಿಸಿರಬೇಕು ಪಾಪಾ."

ಅಜ್ಜಿ ಗೋಡೆ ಕಡೆ ತಿರುಗಿ ಎಲೆ ಅಡಿಕೆ ಮೆಲ್ಲುತ್ತಿದ್ದರು. ಈ ಕಡೆ ತಿರುಗಿ, "ನಂಗೊಬ್ಳು ಮದ್ವೆಗಿರೋ ಮಗಳಿದ್ದಿದ್ರೆ ಈ ಕೈಗೇ ಕೊಡ್ತಿದ್ದೆ ಕಣಪ್ಪಾ" ಅಂದರು.

ಅಣ್ಣ ಕಾಯಿ ಹಾರಿಸಿದರು, ಕೈ ತಪ್ಪಿತು. ಅವರು ತಪ್ಪಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಸರದಿ ಬಂತು. ಅವರನ್ನು ಹೇಗಾದರೂ ನಗಿಸಬೇಕು ಎಂದು ನೋವನ್ನು ಮರೆತು ಬಾಚಿದೆ. ಮೂರು ಕಾಯಿ ಅಂಗೈಯೊಳಗೆ ಬಂದವು, ಬೆರಳು ಅವುಗಳ ಮೇಲೆ ಮಡಚಿಕೊಂಡವು. ಅಣ್ಣ ನನ್ನ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

ನಾನು ಮನೆಗೆ ಬಂದೆ, ಶಾಲೆಗೆ ಹೋದೆ, ಅದೇ ಕೈಯಲ್ಲಿ ಬರೆದೆ. ಕೆಲವು ವರ್ಷಗಳಲ್ಲಿ ಗಣಿ ಮುಚ್ಚಿತು. ಅಣ್ಣ ಸೌದಿಗೆ ಹೋದರೆಂದು ಒಬ್ಬರು, ವೇಲೂರಿಗೆ ಎಂದು ಇನ್ನೊಬ್ಬರು ಹೇಳಿದರು.

ಹೋದ ವರ್ಷ ಅಮ್ಮನನ್ನು ಬಂಗಾರಪೇಟೆಯಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ವಾರ್ಡಿನಲ್ಲಿದ್ದ ನರ್ಸ್ ಕ್ಯಾಸಂಬಳ್ಳಿಯ ಹುಡುಗ. ಅವನು ಗಂಡಸು ಎಂದು ಯಾರೂ ಹುಬ್ಬೇರಿಸಲಿಲ್ಲ. ಮುಂದಿನ ತಿಂಗಳು ಮದುವೆಯಂತೆ, ಹುಡುಗಿಯೂ ನರ್ಸಂತೆ, ಬಿ.ಪಿ. ನೋಡುತ್ತಲೇ ಖುಷಿಯಿಂದ ಹೇಳಿದ. ಕೇಳಿ ಸಂತೋಷವಾಯಿತು. ಇನ್ನೆರಡು ಮಾತು ಆಡೋಣ ಅನ್ನುವಷ್ಟರಲ್ಲಿ, "ಬತ್ತೀನಕ್ಕಾ" ಎಂದು ಮುಂದಿನ ಮಂಚಕ್ಕೆ ಓಡಿದ. ಅವನದು ತಪ್ಪಲ್ಲ, ವಾರ್ಡು ತುಂಬಿತ್ತು, ಕೂರಲು ಅವನಿಗೆ ಪುರುಸೊತ್ತೇ ಇರಲಿಲ್ಲ.

ನೋವಿನ ಪಕ್ಕ ಅಣ್ಣನ ಹಾಗೆ ಬಂದು ಕೂರುವವರನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಆ ಆಸ್ಪತ್ರೆಯೂ ಇಲ್ಲ, ಅಜ್ಜಿಯೂ ಇಲ್ಲ. ಏಳುಮಲೈ ಅಣ್ಣನಿಗೆ ಆಮೇಲೆ ಮದುವೆಯಾಯಿತೋ ಇಲ್ಲವೋ, ಅದು ಕೂಡ ನನಗೆ ಗೊತ್ತಿಲ್ಲ.