ಕರಿಸಿದ್ದಪ್ಪನ ಗುಂಡಿ ರಸ್ತೆ

"ರಸ್ತೆ ಕೆಟ್ಟೋಗದೆ ಅಂತ ಯಾವನ್ಲಾ ಅಂದೋನು? ನಿಮ್ ಬೈಕಿಗೆ ಕೆಟ್ಟಿರಬೋದು, ನನ್ ಸೈಕಲ್ಲಿಗೆ ಕೆಟ್ಟಿಲ್ಲ. ಕೇಳ್ಕಳಿ. ನಮ್ಮನೆ ಬಾಗ್ಲಲ್ಲಿ ಹತ್ತಿ ನಾಕು ತುಳಿತ ತುಳುದ್ರೆ ಚರಂಡಿ ಚಪ್ಪಡಿ, ಟಕ್ ಅಂತದೆ. ಅದು ದಾಟುದ್ರೆ ಧೂಳು ಮಣ್ಣು, ಚಕ್ರ ಮೆತ್ತಗೆ ಹೋಯ್ತದೆ. ಆಮೇಲೆ ತೋಟದ ನೀರು ಅಡ್ಡ ಹರುದು ಕೊರುದಿರೋ ಹಳ್ಳ. ಮುಂದ್ಲ ಚಕ್ರ ಇಳಿತದೆ, ಹಿಂದ್ಲ ಚಕ್ರ ಇಳಿತದೆ, ಆವಾಗ ಬಲಗಡೆಗೆ ವಾಲ್ಬೇಕು. ವಾಲುದ್ರೆ ಜಲ್ಲಿ. ಜಲ್ಲಿ ಜರಜರ ಅಂತಿರೋಗಂಟ ಏನೂ ಭಯ ಇಲ್ಲ. ಜಲ್ಲಿ ಮುಗುದು ಗುಂಡುಕಲ್ಲು ಸಿಕ್ತು ಅಂದ್ರೆ ಕೆರೆ ಏರಿ. ಅಲ್ಲಿ ಸೈಕಲ್ಲು ಕುಣಿತಾನೇ ಇರ್ಬೇಕು. ಕುಣಿಯೋದು ನಿಂತು ಮೆತ್ತಗಾಯ್ತು ಅಂದ್ರೆ ಅಂಚಿಗೆ ಬಂದ್ಬುಟ್ಟಿದೀಯ ಅಂತ, ಬಲಕ್ಕೆ ಎಳ್ಕಬೇಕು. ಏರಿ ಇಳುದ್ರೆ ಒಂದು ದೊಡ್ ಗುಂಡಿ, ಒಂದು ಚಿಕ್ಕುದು, ಮತ್ತೊಂದು ದೊಡ್ಡುದು, ಮೂರೂ ಅಣ್ತಮ್ದೀರಿದ್ದಂಗೆ. ಆಮೇಲೆ ರೈಲು ಹಳಿ, ದಡಬಡ ದಡಬಡ. ಹಳಿ ದಾಟಿ ಎಡಕ್ಕೆ ತಿರುಗುದ್ರೆ ಷಡಕ್ಷರಪ್ನೋರ ಕಾಯಿ ಮಂಡಿ. ಇವನ್ನೆಲ್ಲ ಮುಚ್ಚಿ ಮೇಲೆ ಒಂದೇ ಸಮಕ್ಕೆ ಟಾರು ಬಳುದ್ಬುಟ್ರೆ ಮನ್ಸ ತಾನೆಲ್ಲಿದೀನಿ ಅಂತ ತಿಳ್ಕಳೋದೆಂಗ್ಲಾ?"

ಹೊಂಗೆಪಾಳ್ಯದ ಅರಳಿಕಟ್ಟೆಯ ಮೇಲೆ ಕೂತು ಕರಿಸಿದ್ದಪ್ಪ ಹೀಗೆ ಹೇಳಿದಾಗ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಊರಿನಿಂದ ಗುಬ್ಬಿಗೆ ಹೋಗುವ ರಸ್ತೆಗೆ ಅವತ್ತು ತಾನೇ ಟಾರು ಹಾಕುವ ಮಿಷನ್ನು ಬಂದು ನಿಂತಿತ್ತು. ಎಷ್ಟು ವರ್ಷ ಅರ್ಜಿ ಕೊಟ್ಟಿದ್ದಕ್ಕೆ ಬಂದಿದೆ, ಇವನು ನೋಡಿದರೆ ಬೇಡ ಅನ್ನುತ್ತಾನೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನ ಮಗ ಚನ್ನೇಶ. ತುಮಕೂರಿನ ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸ ಅವನಿಗೆ. ದಿನಾ ಬೈಕಿನಲ್ಲಿ ಇದೇ ರಸ್ತೆ ಹಿಡಿದು ಓಡಾಡಿ ಸೊಂಟ ಹಿಡಿದುಕೊಂಡಿತ್ತು.

"ಟಾರಿನೋರಿಗೆ ಹೇಳಿ ನಮ್ಮಪ್ಪಂಗೆ ಅಂತ ಎರಡು ಗುಂಡಿ ಉಳಿಸ್ಕಳಣ ಬುಡ್ರಪ್ಪ," ಅಂದ.

ಕಟ್ಟೆಯ ಎದುರಿನ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಸಿದ್ದಗಂಗಮ್ಮನೂ ನಕ್ಕಳು. ಗಂಡನ ಮಾತು ಅವಳಿಗೆ ಹೊಸದಲ್ಲ. ಈಚೆಗೆ ಅವನಿಗೆ ಹೊಸದು ಯಾವುದೂ ಹಿಡಿಸುತ್ತಿರಲಿಲ್ಲ. ಹೊಸ ಚಪ್ಪಲಿ ಬೇಡ, ಹಜಾರದ ಮಂಚ ಅತ್ತಿಂದಿತ್ತ ಸರಿಸಬೇಡ, ಚೊಂಬು ಇಟ್ಟ ಕಡೆಯೇ ಇರಬೇಕು. ವಯಸ್ಸಾಯಿತಲ್ಲ, ಹಟ ಜಾಸ್ತಿ ಅಂದುಕೊಂಡಿದ್ದಳು.

ಕರಿಸಿದ್ದಪ್ಪನ ಬದುಕೆಲ್ಲ ಸೈಕಲ್ಲಿನ ಮೇಲೆ ಮತ್ತು ತೆಂಗಿನಕಾಯಿಯ ಮುಂದೆ ಕಳೆದದ್ದು. ಮೀಸೆ ಚಿಗುರುವ ಕಾಲದಲ್ಲೇ ಗುಬ್ಬಿಯ ಮಂಡಿಗೆ ಕಾಯಿ ಸುಲಿಯಲು ಹೋದವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ತಿರುಚಿ, ಮಟ್ಟೆ ಬಿಡಿಸಿ ಎಸೆಯುವ ಕೆಲಸ. ಅವನ ಕೈಯಲ್ಲಿ ಕಾಯಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸಿದ್ದಗಂಗಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಅವನು ಸೈಕಲ್ಲಿನ ಕ್ಯಾರಿಯರ್‌ಗೆ ಗೋಣಿಚೀಲ ಮಡಿಸಿ ಕಟ್ಟಿ, "ಕೂತ್ಕೊ ಗಂಗಿ, ನಿಂಗೆ ನಾನೇ ಬಸ್ಸು," ಅಂದಿದ್ದ. ಅವತ್ತಿನಿಂದ ಸಂತೆಯ ದಿನ ಅವಳ ಸವಾರಿ ಅದರ ಮೇಲೆಯೇ. ಮಕ್ಕಳಾದವು, ಮಗಳು ಪ್ರಮೀಳಾ ಕುಣಿಗಲ್ಲಿಗೆ ಮದುವೆಯಾಗಿ ಹೋದಳು, ಚನ್ನೇಶ ಬೈಕು ತಂದ. ಆದರೂ ಸಂತೆಗೆ ಅವಳು ಕ್ಯಾರಿಯರ್ ಮೇಲೆಯೇ. ಗುಂಡಿ ಬರುವ ಮುಂಚೆ ಅವನು ಬಾಯಿಬಿಟ್ಟು "ಹಿಡ್ಕೊ" ಅನ್ನುತ್ತಿದ್ದ. ಒಂದು ದಿನವೂ ತಪ್ಪಿದ್ದಿಲ್ಲ. ಅವಳು ಅವನ ಅಂಗಿಯ ಬೆನ್ನು ಹಿಡಿದುಕೊಂಡು ಬೀದಿಯ ಕತೆಯೆಲ್ಲ ಹೇಳುತ್ತಾ ಹೋಗುತ್ತಿದ್ದಳು.

ಟಾರು ಹಾಕಿ ಮುಗಿದ ಮೇಲೆ ಬಂದ ಮೊದಲ ಸಂತೆ. ರಸ್ತೆ ಕಟ್ಟಿದ್ದರಿಂದ ಅಷ್ಟು ದಿನ ಮಂಡಿಗೆ ಹೋಗದಿದ್ದ ಕರಿಸಿದ್ದಪ್ಪ ಅವತ್ತೇ ಮತ್ತೆ ಸೈಕಲ್ಲು ತೆಗೆದಿದ್ದ. ಬಿಸಿಲು ಇನ್ನೂ ಏರಿರಲಿಲ್ಲ. ಸಿದ್ದಗಂಗಮ್ಮ ಚೀಲ ಹಿಡಿದು ಹತ್ತಿ ಕೂತಳು. ರಸ್ತೆ ಕರ್ರಗೆ, ಎಣ್ಣೆ ಹಚ್ಚಿದ ಬಾಣಲೆಯ ಹಾಗೆ ಹೊಳೆಯುತ್ತಿತ್ತು.

"ಅಯ್ಯೋ, ಹಾಸಿಗೆ ಮೇಲೆ ಕೂತಂಗೈತಲ್ಲಾ! ಇದುನ್ನ ಬ್ಯಾಡ ಅಂತಿದ್ದೆಯಲ್ಲಯ್ಯ ನೀನು," ಅಂದಳು.

ಬೇರೆ ದಿನ ಬೀಸಿ ಬೀಸಿ ತುಳಿಯುವವನು ಅವತ್ತು ನಿಧಾನಕ್ಕೆ ತುಳಿಯುತ್ತಿದ್ದ. ಕತ್ತು ಒಂದು ಕಡೆಗೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುವವನ ಹಾಗೆ.

"ಹಳ್ಳ ದಾಟುದ್ವಾ?" ಅಂದ ಸ್ವಲ್ಪ ಹೊತ್ತಿಗೆ.

"ಯಾವ ಹಳ್ಳ? ಮುಚ್ಚಿ ಟಾರು ಹಾಕವ್ರಲ್ಲ. ಯಾವಾಗ್ಲೋ ದಾಟಾಯ್ತು."

"ಏರಿ ಬಂತಾ?"

ಅವಳು ನಕ್ಕಳು. "ಮುಂದೇನೆ ಐತಲ್ಲ, ಕಾಣಲ್ವಾ? ಬೆಳಿಗ್ಗೆ ಬೆಳಿಗ್ಗೆ ತಮಾಷೆ ನಿಂಗೆ."

ಅಷ್ಟು ಹೇಳಿ ಅವಳು ಚೀಲ ತೊಡೆಯ ಮೇಲೆ ಸರಿಮಾಡಿಕೊಳ್ಳಲು ತಲೆ ತಗ್ಗಿಸಿದಳು. ತಲೆ ಎತ್ತುವಷ್ಟರಲ್ಲಿ ರಸ್ತೆ ಬಲಕ್ಕೆ ತಿರುಗಿತ್ತು, ಸೈಕಲ್ಲು ತಿರುಗಿರಲಿಲ್ಲ. ಹೊಸ ಟಾರು ಪಕ್ಕದ ಮಣ್ಣಿಗಿಂತ ಗೇಣು ಎತ್ತರ. ಮುಂದಿನ ಚಕ್ರ ಆ ಅಂಚಿನಿಂದ ದಡಕ್ಕನೆ ಕೆಳಕ್ಕೆ ಇಳಿಯಿತು. "ಅಯ್ಯಯ್ಯೋ, ಕೆರೆ! ಕೆರೆ ಕಣಯ್ಯಾ!" ಎಂದು ಕೂಗಿಕೊಂಡದ್ದಷ್ಟೇ ಅವಳಿಗೆ ಗೊತ್ತು. ಅವಳು ಹಿಂದಕ್ಕೆ ಬಿದ್ದಳು. ಅವನು ಇಳಿಜಾರಿನಲ್ಲಿ ಜಾರಿ ಹೋಗಿ ತೂಬಿನ ಕಲ್ಲಿಗೆ ಕಾಲು ಕೊಟ್ಟು ನಿಂತ. ಒಂದು ಮಾರು ಕೆಳಗೆ ನೀರು.

ಸಿದ್ದಗಂಗಮ್ಮ ಮೊಣಕೈ ತರಚಿದ್ದನ್ನೂ ನೋಡಿಕೊಳ್ಳದೆ ಎದ್ದು ಕೆಳಗೆ ಬಗ್ಗಿದಳು. ಬೈಗುಳವೆಲ್ಲ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಅವನ ಕೈ ನೋಡಿದಳು.

ಸೈಕಲ್ಲು ಅವನ ಎಡಗಡೆ ಬಿದ್ದಿತ್ತು, ಕೈಚಾಚಿದರೆ ಸಿಗುವ ಹಾಗೆ. ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಕರಿಸಿದ್ದಪ್ಪ ಬಲಗಡೆಯ ಹುಲ್ಲಿನ ಮೇಲೆ ಕೈ ಆಡಿಸುತ್ತಿದ್ದ. ಹುಲ್ಲು ಸವರಿದ, ಕಲ್ಲು ಸವರಿದ, ಮತ್ತೆ ಹುಲ್ಲು ಸವರಿದ.

"ಗಂಗೀ, ಸೈಕಲ್ಲು ಎಲ್ಲೋಯ್ತೆ?"

ಅವಳು ಮೆಲ್ಲಗೆ ಇಳಿದು ಅವನ ಎದುರಿಗೆ ಕೂತು ಅವನ ಮುಖದ ಮುಂದೆ ಕೈ ಆಡಿಸಿದಳು.

"ಅಷ್ಟು ಹತ್ರ ತರಬ್ಯಾಡ. ನೆಳ್ಳು ಕಾಣ್ತದೆ," ಅಂದ ಅವನು.

"ನೆಳ್ಳು? ನೆಳ್ಳು ಅಷ್ಟೇನಾ?"

"ಅಷ್ಟೇಯ."

"ಯಾವತ್ತಿಂದ?"

"ಬಲಗಣ್ಣು ಪ್ರಮೀಳನ್ ಬಾಣಂತನದಾಗೆ ಹೋಯ್ತು. ಎಡಗಣ್ಣು ಹೋದ್ ವರ್ಸದಿಂದ ಪೂರ್ತಿ ಮಂಜು."

ಸಿದ್ದಗಂಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ವರ್ಷ. ಒಂದು ವರ್ಷದ ಸಂತೆಗಳು. ಲಾರಿಗಳ ಪಕ್ಕದಲ್ಲಿ, ಈ ಏರಿಯ ಮೇಲೆ, ರೈಲು ಹಳಿಯ ಮೇಲೆ ಅವಳು ಕಾಲು ಇಳಿಬಿಟ್ಟುಕೊಂಡು ಕಂಡವರ ಮನೆಯ ಸುದ್ದಿ ಹೇಳುತ್ತಾ ಕೂತಿದ್ದಳು. ಮುಂದೆ ಕೂತವನಿಗೆ ಕಣ್ಣಿರಲಿಲ್ಲ. "ಹಿಡ್ಕೊ" ಅಂದಾಗಲೆಲ್ಲ ಎಂಥಾ ನಿಗಾ ನಮ್ಮನೆಯೋರಿಗೆ ಅಂದುಕೊಂಡಿದ್ದಳು. ಗುಂಡಿಗಳು ಅವನಿಗೆ ದಾರಿ ಹೇಳಿಕೊಡುತ್ತಿದ್ದವು. ಜಲ್ಲಿ, ಮಣ್ಣು, ಕಲ್ಲು ಎಲ್ಲ ಸೈಕಲ್ಲಿನ ಸೀಟಿನಿಂದ ಬೆನ್ನುಮೂಳೆಗೆ ಹತ್ತಿ ಅವನಿಗೆ ಗುರುತು ಹೇಳುತ್ತಿದ್ದವು. ಟಾರು ಬಿದ್ದು ಎಲ್ಲದರ ಬಾಯಿ ಕಟ್ಟಿಹೋಗಿತ್ತು. ಹೋಗಿಬಂದ ಸಂತೆಗಳ ಭಯವೆಲ್ಲ ಈಗ ಒಟ್ಟಿಗೆ ಅವಳ ಮೈಮೇಲೆ ಬಂತು.

ಅವನು ಮನೆಗೆ ವಾಪಸ್ಸು ಬರಲು ಒಪ್ಪಲಿಲ್ಲ. ಕೆಲಸಕ್ಕೆ ಹೊತ್ತಾಯಿತು ಅಂದ. ಸರಿ, ಅವಳು ಹ್ಯಾಂಡಲ್ ಹಿಡಿದಳು, ಅವನು ಸೀಟು ಹಿಡಿದ, ಇಬ್ಬರೂ ನಡೆದುಕೊಂಡೇ ಗುಬ್ಬಿ ಸೇರಿದರು. ರೈಲ್ವೆ ಗೇಟಿನ ಹತ್ತಿರ ಹೂ ಮಾರುವವಳೊಬ್ಬಳು ದೂರದಿಂದಲೇ ಕೂಗಿದಳು: "ಗೇಟು ತೆಗುದೈತೆ, ಬಾರಣ್ಣೋ!" ಆಮೇಲೆ ಪಕ್ಕದಲ್ಲಿ ಹೆಂಡತಿಯನ್ನು ಕಂಡು ತಟ್ಟನೆ ಬಾಯಿ ಮುಚ್ಚಿಕೊಂಡಳು.

ಮಂಡಿಯ ಬಾಗಿಲಿಗೆ ಬಂದದ್ದೇ ತಡ, ಜೊತೆಯಲ್ಲಿ ಕಾಯಿ ಸುಲಿಯುವ ಭೀಮರಾಜ್ ಎದ್ದು ಬಂದ. ಸೈಕಲ್ಲು ತೆಗೆದುಕೊಂಡು ಗೋಡೆಗೆ ಒರಗಿಸಿದ. ಕರಿಸಿದ್ದಪ್ಪನ ಮೊಣಕೈ ಹಿಡಿದು, ಮಟ್ಟೆಯ ರಾಶಿ ಬಳಸಿ, ಅವನ ಮೊನೆಯ ಮುಂದೆ ನಿಲ್ಲಿಸಿದ. ದಿನಾ ಮಾಡುವವನ ಹಾಗೆ ಮಾಡಿದ.

"ನಿಂಗೆ ಗೊತ್ತಾ?" ಅಂದಳು ಸಿದ್ದಗಂಗಮ್ಮ.

ಭೀಮರಾಜ್ ತಬ್ಬಿಬ್ಬಾದ. "ನಮ್ಗೆಲ್ಲಾ ಗೊತ್ತು ಕಣಕ್ಕ. ಯಾಕೆ, ನಿಂಗೊತ್ತಿಲ್ವಾ?"

ಕೆರೆ ಏರಿಯ ಮೇಲೆ ಬಿದ್ದದ್ದಕ್ಕಿಂತ ಈ ಮಾತು ಅವಳಿಗೆ ಜೋರಾಗಿ ತಗುಲಿತು. ಹೂವಿನವಳಿಗೆ ಗೊತ್ತು, ಭೀಮರಾಜನಿಗೆ ಗೊತ್ತು. ಗದ್ದಿಗೆಯ ಮೇಲೆ ಹಣೆ ತುಂಬ ವಿಭೂತಿ ಹಚ್ಚಿ ಕೂತಿದ್ದ ಮಂಡಿಯ ಯಜಮಾನರು ಷಡಕ್ಷರಪ್ಪನವರಿಗೂ ಗೊತ್ತು.

"ಸುಲಿಯೋದ್ರಾಗೆ ಅವನ್ ಸಮ ಇನ್ನೊಬ್ಬ ಇಲ್ಲ ಕಣಮ್ಮ. ಕೈಗೇ ಕಣ್ಣಿದ್ದಂಗೆ. ಅದುಕ್ಕೆ ನಾನೂ ಸುಮ್ನಿದ್ದೆ," ಅಂದರು ಅವರು.

"ಆ ಮೊನೆ ಮ್ಯಾಕೆ ಬಿದ್ದಿದ್ರೆ ಆವಾಗ್ಲೂ ಸುಮ್ನಿರ್ತಿದ್ರಾ ಬುದ್ಧೀ? ಒಂದು ಮಾತು ನಮ್ ಚನ್ನೇಶನ್ ಕೈಲಿ ಹೇಳಾಕೆ ಆಗ್ಲಿಲ್ವಾ?"

ಷಡಕ್ಷರಪ್ಪನವರು ತಲೆ ಕೆಳಗೆ ಹಾಕಿದರು. ಮಂಡಿಯಲ್ಲಿ ಕಾಯಿ ಕುಕ್ಕುವ ಸದ್ದೆಲ್ಲ ನಿಂತಿತು. ಸಿದ್ದಗಂಗಮ್ಮ ಗಂಡನ ಕಡೆ ತಿರುಗಿದಳು.

"ಊರಿಗೆಲ್ಲಾ ಹೇಳ್ದೆ. ನಂಗೊಬ್ಳಿಗೆ ಯಾಕೆ ಹೇಳ್ನಿಲ್ಲ?"

ಕರಿಸಿದ್ದಪ್ಪ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸುತ್ತಾ ನಿಂತ. "ಯಾರಿಗೂ ನಾನಾಗ್ ಹೇಳಿಲ್ಲ ಕಣೇ. ಅವ್ರೇ ಕಂಡ್ಕಂಡ್ರು. ನಿಂಗೆ ಹೇಳುದ್ರೆ ನೀನು ಕ್ಯಾರಿಯರ್ ಮ್ಯಾಲೆ ಕೂರ್ತಿದ್ಯಾ?"

ಅವಳು ಕೆಂಡದ ಮೇಲೆ ನೀರು ಸುರಿದ ಹಾಗೆ ಸುಂಯ್ ಅಂದು ನಿಂತಳು. ಕಡೆಗೆ ಅಂದಳು: "ಇನ್ ಕೂರಲ್ಲ."

ಸಂಜೆ ಚನ್ನೇಶನಿಗೆ ವಿಷಯ ತಿಳಿಯಿತು. "ಗುಂಡಿ ಉಳಿಸಣ ಅಂತ ನಕ್ಕುಬುಟ್ನಲ್ಲಮ್ಮ" ಅಂತ ಒಂದೇ ಸಮನೆ ಅದನ್ನೇ ಹೇಳಿದ. ಮಾರನೆಯ ದಿನವೇ ರಜ ಹಾಕಿ ಅಪ್ಪನನ್ನು ತುಮಕೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ. ಸಿದ್ದಗಂಗಮ್ಮನೂ ಹೋದಳು, ಬಸ್ಸಿನಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಲಿತು ಕಲ್ಲಾಗಿದೆ ಅಂದರು. ಬಲಗಣ್ಣಿನ ಒಳಗಿನ ನರವೇ ಸತ್ತಿದೆ, ಬೇಗ ಬಂದಿದ್ದರೆ ಉಳಿಯುತ್ತಿತ್ತು. ಎಡಗಣ್ಣಿಗೆ ಆಪರೇಷನ್ ಮಾಡಿದರೆ ಬರುತ್ತದೆ. "ಇಷ್ಟು ದಿನ ಹೆಂಗೆ ಓಡಾಡ್ತಿದ್ರಿ ಯಜಮಾನ್ರೇ?" ಎಂದು ಕೇಳಿದರು.

"ಸೈಕಲ್ಲಲ್ಲಿ," ಅಂದ ಕರಿಸಿದ್ದಪ್ಪ.

ಡಾಕ್ಟರಮ್ಮ ಟಾರ್ಚು ಕೆಳಗಿಟ್ಟು ಆಪರೇಷನ್ನಿನ ದಿನ ಬರೆಯತೊಡಗಿದರು.

ಆಪರೇಷನ್ ಅಂದ ಕೂಡಲೇ ಅವನು ಕುರ್ಚಿಯಿಂದ ಎದ್ದ. ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುವುದಕ್ಕಿಂತ ಹೀಗೆ ಇರುವುದೇ ವಾಸಿ ಅಂದ. ಅವನು ಆಸ್ಪತ್ರೆಗೆ ಬಾರದೆ ಮುಚ್ಚಿಟ್ಟುಕೊಂಡದ್ದು ಈ ಭಯಕ್ಕೂ ಹೌದು. ಚನ್ನೇಶ ಗದರಿದ, ಬೇಡಿಕೊಂಡ. ಹೊರಗಡೆ ಬೆಂಚಿನ ಮೇಲೆ ಮೂವರೂ ಮುಖ ತಿರುಗಿಸಿ ಕೂತರು.

ಕಡೆಗೆ ಕರಿಸಿದ್ದಪ್ಪನೇ ಕೇಳಿದ: "ಮಾಡುಸ್ಕಂಡ್ರೆ ಕೂರ್ತೀಯಾ ಗಂಗಿ?"

"ಮೊದ್ಲು ಮಾಡುಸ್ಕೊ."

ಮಾಡಿಸಿಕೊಂಡ. ಎಡಗಣ್ಣು ತೆರೆಯಿತು. ಊರಿಗೆ ಬಂದು ಕೆಲವು ದಿನ ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕೂತ. ಗೋಡೆಯ ಬಣ್ಣ ಯಾವಾಗ ಬದಲಾಯಿತು ಎಂದು ಕೇಳಿದ, ಮಗನ ಬೈಕು ಕೆಂಪಗಿದೆ ಎಂದು ಆಶ್ಚರ್ಯಪಟ್ಟ. ಡಾಕ್ಟರಮ್ಮ ಹೇಳಿದ ಗಡುವು ಮುಗಿದ ದಿನ ಸೈಕಲ್ಲಿನ ಧೂಳು ಒರೆಸಿ, ಗಾಳಿ ಹೊಡೆದು, ಕ್ಯಾರಿಯರ್‌ಗೆ ಗೋಣಿಚೀಲ ಕಟ್ಟಿದ. "ಬಾ, ಏರಿಗಂಟ ಒಂದು ಸುತ್ತು," ಅಂದ. ಸಿದ್ದಗಂಗಮ್ಮ ತುಸು ಅನುಮಾನಿಸಿದಳು. ಕೊಟ್ಟ ಮಾತು ಕೊಟ್ಟದ್ದೇ ಎಂದು ಹತ್ತಿ ಕೂತಳು.

ಏರಿಯ ತನಕ ಬಂದವನು ಗಕ್ಕನೆ ಬ್ರೇಕು ಹಿಡಿದ. ಕಾಲು ಕೆಳಗೆ ಊರಿ ನಿಂತ.

ಎಡಗಡೆ ಕೆರೆ ತುಂಬಿ ನಿಂತಿತ್ತು. ತಡೆಗೋಡೆ ಇಲ್ಲ, ಗೂಟದ ಕಲ್ಲೂ ಇಲ್ಲ. ಟಾರಿನ ಅಂಚು, ಅಂಚಿನ ಕೆಳಗೆ ಇಳಿಜಾರು, ಇಳಿಜಾರಿನ ಕೆಳಗೆ ಕಪ್ಪು ನೀರು. ಬಲಗಡೆ ಆಳದಲ್ಲಿ ತೋಟ. ನುಣ್ಣನೆಯ ರಸ್ತೆ ಸಿಕ್ಕ ಖುಷಿಗೆ ಕಾರೊಂದು ಸುಯ್ಯೆಂದು ಪಕ್ಕದಲ್ಲೇ ಹಾದುಹೋಯಿತು. ಹಿಂದೆಯೇ ಇಟ್ಟಿಗೆ ಟ್ರ್ಯಾಕ್ಟರ್. ಕರಿಸಿದ್ದಪ್ಪನ ಅಂಗಿಯ ಬೆನ್ನು ಬೆವೆತು ಒದ್ದೆಯಾದದ್ದು ಅವಳ ಕೈಗೆ ತಿಳಿಯಿತು.

"ಇದೇನಾ ಏರಿ?"

"ಇದೇಯ."

"ಇದ್ರ ಮ್ಯಾಲೆ ನಿನ್ನ ಕೂರುಸ್ಕಂಡು... ಸಂತೆ ಸಂತೆಗೂ ನಾನು... ಇಷ್ಟ್ ಆಳ ಐತಲ್ಲೇ ಗಂಗಿ!"

ಕಣ್ಣಿದ್ದಾಗ ದಿನಾ ಕಂಡೂ ಹೆದರದವನು, ಕಣ್ಣಿಲ್ಲದೆ ಇದರ ಮೇಲೆ ತುಳಿದದ್ದು ನೆನೆದು ಅವತ್ತು ಹೆದರಿದ. ಒಂದೇ ಕಣ್ಣಲ್ಲಿ ಕೆರೆಯನ್ನು ಅಳೆಯುತ್ತಾ ನಿಂತ. ಅವಳು ಕ್ಯಾರಿಯರ್‌ನಿಂದ ಇಳಿಯುವ ಮುಂಚೆ ಅವನೇ ಸೀಟಿನಿಂದ ಇಳಿದ.

"ಇಳಿ. ಇನ್ಮ್ಯಾಲೆ ನಿನ್ನ ಕೂರುಸ್ಕಳಲ್ಲ."

"ನಾನು ಕೂರ್ತೀನಿ ಅಂತ ಒಪ್ಕಂಡಿದೀನಲ್ಲಯ್ಯ."

"ನಾನು ಒಪ್ಪಲ್ಲ. ಮಂಡಿಗೂ ನಾಳಿಂದ ಚನ್ನೇಶನ್ ಬೈಕಲ್ಲೇ ಹೋಯ್ತೀನಿ. ಅವ್ನು ಹೆಂಗೂ ಗುಬ್ಬಿ ಮ್ಯಾಲೇ ಹೋಯ್ತಾನೆ."

ಕಣ್ಣಿಲ್ಲದಾಗ ಹೊತ್ತು ತಿರುಗಿದವನು ಕಣ್ಣು ಬಂದ ಮೇಲೆ ಇಳಿ ಅನ್ನುತ್ತಿದ್ದಾನೆ. ಅವಳು ಇಳಿದು ಕೆರೆಯ ಕಡೆ ನೋಡಿದಳು. ಅವನ ಕಣ್ಣಲ್ಲಿ ನೋಡಿದರೆ ಅವಳಿಗೂ ಅದು ಮೊದಲ ಸಲ ಕಂಡ ಹಾಗಾಯಿತು. ಇಬ್ಬರೂ ಸೈಕಲ್ಲು ತಳ್ಳಿಕೊಂಡು, ರಸ್ತೆಯ ನೀರಿಲ್ಲದ ಮಗ್ಗುಲಿನಲ್ಲಿ, ಮನೆಗೆ ಬಂದರು.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಕುಡಿಯುವ ನೀರು ಖಾಲಿಯಾಗಿತ್ತು. ಅವನು ಮಗನ ಜೊತೆ ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ಸಿದ್ದಗಂಗಮ್ಮ ಕ್ಯಾನು ತೊಳೆದು ಕ್ಯಾರಿಯರ್ ಮೇಲಿಟ್ಟಳು. ಅವನು ಹ್ಯಾಂಡಲ್ ಹಿಡಿದ, ಅವಳು ಕ್ಯಾನು ಹಿಡಿದಳು. ಬೀದಿಯ ಕೊನೆಯ ಫಿಲ್ಟರ್ ನೀರಿನ ಮನೆಯ ಮುಂದೆ ಆಗಲೇ ನಾಲ್ಕಾರು ಜನ ನಿಂತಿದ್ದರು. ಅವರ ಸರದಿ ಬಂದಾಗ ಅವಳು ಕ್ಯಾನನ್ನು ನಲ್ಲಿಯ ಕೆಳಗೆ ಸರಿಸಿದಳು. ನೀರು ಕುತ್ತಿಗೆಯವರೆಗೆ ಬಂದ ಮೇಲೆ ಅವನು ಮುಚ್ಚಳ ಬಿಗಿದ. ಇಬ್ಬರೂ ಒಂದೊಂದು ಕಡೆ ಕೈ ಕೊಟ್ಟು ಕ್ಯಾನನ್ನು ಅವಳು ಕೂರುತ್ತಿದ್ದ ಗೋಣಿಚೀಲದ ಮೇಲೆ ಎತ್ತಿಟ್ಟು, ಹಗ್ಗ ಬಿಗಿಯತೊಡಗಿದರು.