ಅತಿಥಿಗೆ ಕೊಟ್ಟ ಕಂಟ್ರೋಲರ್

ಗೆಳೆಯರೇ, ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ಮನೆಗೆ ಬಂದ ಅತಿಥಿಯ ಕೈಗೆ ಇಂದು ನಾನು ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟ ಕಂಟ್ರೋಲರ್ ಕೊಟ್ಟೆ.

ಅತಿಥಿ ಎಂದರೆ ನನ್ನ ಕಾಲೇಜು ಗೆಳೆಯ ಶಶಿ. ಪ್ರತಿ ಭಾನುವಾರ ಹೆಬ್ಬಾಳದ ಟ್ರಾಫಿಕ್ ದಾಟಿ ಯಲಹಂಕಕ್ಕೆ ಬಂದು, ನನ್ನ ಜೊತೆ ಟಿವಿ ಮುಂದೆ ಕೂತು ಫುಟ್‌ಬಾಲ್ ಗೇಮ್ ಆಡುವವನು. ಹೊಸದಾಗಿ ತರಿಸಿದ್ದ, ಬೇರೆ ಯಾವುದೋ ಕಂಪನಿಯ ಅಗ್ಗದ ವೈರ್‌ಲೆಸ್ ಕಂಟ್ರೋಲರನ್ನು “ಹೇಗಿದೆ ನೋಡಿ ಹೇಳು” ಎಂದು ಅವನಿಗೆ ಕೊಟ್ಟೆ. ಗೇಮ್ ಆಡಿಸುವ ಕನ್ಸೋಲ್ ಪೆಟ್ಟಿಗೆಯ ಜೊತೆ ಬಂದ ಅಸಲಿಯನ್ನು ನಾನೇ ಇಟ್ಟುಕೊಂಡೆ. ಶಶಿ ಏನೂ ಒತ್ತದಿದ್ದರೂ ಅವನ ಆಟಗಾರ ಎಡಕ್ಕೇ ಓಡುತ್ತಿದ್ದ.

“ಮಗಾ, ಇದು ಎಡಕ್ಕೆ ಎಳೀತಿದೆ ಕಣೋ.”

“ಕಂಟ್ರೋಲರ್ ಸೂಪರಾಗಿದೆ ಗುರು, ನಿಂಗೆ ಆಟ ಬರಲ್ಲ ಅಷ್ಟೆ. ನನ್ ಕೈಗೆ ಇಟ್ಟಿಗೆ ಕೊಟ್ರೂ ಗೆಲ್ತೀನಿ.”

“ಹಂಗಾದ್ರೆ ಇಟ್ಟಿಗೆ ನೀನೇ ಹಿಡ್ಕೋ” ಎಂದು ಶಶಿ ಕಂಟ್ರೋಲರ್ ಬದಲಾಯಿಸಿಕೊಂಡ.

ಐದು ಗೋಲು ತಿಂದೆ. “ಥೂ, ದರಿದ್ರ ಕಂಟ್ರೋಲರ್!” ಎಂದು ಬಾಯಿ ಜಾರಿತು.

ಶಶಿ ನಗಲಿಲ್ಲ. “ನನ್ ಕೈಲಿದ್ರೆ ನಂಗೆ ಆಟ ಬರಲ್ಲ, ನಿನ್ ಕೈಲಿದ್ರೆ ಕಂಟ್ರೋಲರ್ ಸರಿ ಇಲ್ಲ. ಕಾಲೇಜಿಂದ್ಲೂ ನೀನು ಹಿಂಗೇ ಕಣೋ. ಇನ್ಮೇಲೆ ಒಬ್ನೇ ಆಡ್ಕೋ.”

ಕಾಫಿಯನ್ನೂ ಮುಟ್ಟದೆ ಬೈಕ್ ಹತ್ತಿ ಹೋದ. ಫೋನ್ ಎತ್ತುತ್ತಿಲ್ಲ. ನಿಸ್ತಂತು ಯಂತ್ರ ಮನೆಗೆ ಬಂತು, ಸ್ನೇಹದ ತಂತು ಕಡಿಯಿತು.

ಸಂಜೆ ಅಸಲಿ ಕಂಟ್ರೋಲರನ್ನೇ ಹಿಡಿದು ಒಬ್ಬನೇ ಆಡಿದೆ. ಎದುರಾಳಿ ಕನ್ಸೋಲೇ; ಆಟದ ಹಂತ ಚಿಕ್ಕ ಮಕ್ಕಳಿಗೆಂದು ಇರುವ ಅತಿ ಸುಲಭದ್ದು. ಮೂರು-ಒಂದರಿಂದ ಸೋತೆ. ಆ ಒಂದು ಗೋಲೂ ಕನ್ಸೋಲೇ ತಪ್ಪಿ ತನ್ನ ಬಲೆಗೆ ಹೊಡೆದುಕೊಂಡದ್ದು.